ಕೂಗುವುದಕ್ಕೆ ಮೊದಲು

ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವುತ್ತಿದ್ದಾರೆ, ಇಷ್ಟು ದೊಡ್ಡ ನ್ಯಾಯಾಧೀಶರು, ಮನೆಯಲ್ಲಾಗಿದ್ದರೆ ಅಮ್ಮ ಕೈಮೇಲೊಂದು ಕೊಡುತ್ತಿದ್ದಳು — ಅಮ್ಮ ಆ ಕಡೆಯ ಬೆಂಚಿನಲ್ಲಿದ್ದಾಳೆ, ಸರ್ಕಾರಿ ವಕೀಲರ ಬೆನ್ನ ಹಿಂದೆ, ಕೈಚೀಲವನ್ನು ಎದೆಗೆ ಅವುಚಿಕೊಂಡು, ಇತ್ತ ತಿರುಗುವುದಿಲ್ಲ, ತಿರುಗಿದರೆ ಮಗಳ ಮುಖ ಕಂಡುಬಿಡುತ್ತದಲ್ಲ. ತಮ್ಮನ್ನ ಕೊಂದೋನಿಗೆ ಮೇಲ್ಮನವಿ ಹಾಕಿಸ್ತೀಯಲ್ಲೇ, ನೀನು ನನ್ನ ಹೊಟ್ಟೇಲೇ ಹುಟ್ಟಿದೋಳಾ ಅಂದಿದ್ದಳು, ಅದೇ ಕೊನೆ, ಆಮೇಲೆ ಮಾತಿಲ್ಲ. ಸತ್ತವನು ಒಡಹುಟ್ಟಿದವನು, ಜೀವಾವಧಿ ಶಿಕ್ಷೆಯಾಗಿ ಜೈಲಿನಲ್ಲಿರುವವನು ಕೈಹಿಡಿದವನು, ಭಾವ ಮೈದುನ ಇಬ್ಬರೂ ಒಂದೇ ಬೇಕರಿಯಲ್ಲಿ ಹಿಟ್ಟು ನಾದಿದವರು, ಅವಳು ಯಾರ ಕಡೆ ಕೂತರೂ ಇನ್ನೊಬ್ಬನಿಗೆ ಬೆನ್ನು ಹಾಕಿದಂತೆಯೇ. ಸಾಂದರ್ಭಿಕ ಸಾಕ್ಷ್ಯ ಅಂದರೆ ಸರಪಳಿ, ಮಹಾಸ್ವಾಮಿ, ಎನ್ನುತ್ತಿದ್ದಾರೆ ಸರ್ಕಾರಿ ವಕೀಲರು, ಕಣ್ಣಾರೆ ಕಂಡವರು ಬೇಕಿಲ್ಲ, ಕೊಂಡಿಗೆ ಕೊಂಡಿ ಕೂಡಿದರೆ ಸಾಕು. ಕೂಡಿಸಿದ್ದಾರೆ. ಬೇಕರಿಯ ಬೀಗದ ಕೈ ಇದ್ದದ್ದು ಅವರಿಬ್ಬರ ಹತ್ತಿರ ಮಾತ್ರ, ಹೆಣದ ಪಕ್ಕ ಬಿದ್ದಿದ್ದ ಕಬ್ಬಿಣದ ಸಲಾಕೆಯ ಮೇಲೆ ಗಂಡನ ಬೆರಳಚ್ಚು — ದಿನಾ ಅದರಲ್ಲೇ ಭಟ್ಟಿ ಕೆದಕುವವನದಲ್ಲದೆ ದಾರಿಹೋಕರ ಬೆರಳಚ್ಚು ಇರುತ್ತದೆಯೇ, ಹಿಂದಿನ ಬಾಗಿಲಿನ ಅಗುಳಿ ಸಡಿಲ ಸ್ವಾಮಿ, ಹೊರಗಿಂದ ತಳ್ಳಿದ್ರೂ ಬರುತ್ತೆ ಅಂತ ಅವಳು ಕೆಳಗಿನ ಕೋರ್ಟಿನಲ್ಲಿ ಅಂಗಲಾಚಿದ್ದಳು, ಹೆಂಡತಿಯ ಮಾತು ಎಂದು ತಳ್ಳಿಹಾಕಿದರು. ಪಕ್ಕದಂಗಡಿಯ ದರ್ಜಿ ಕೇಳಿಸಿಕೊಂಡದ್ದೊಂದು: ಭಟ್ಟಿ ಒಡೆಸಿ ಕರೆಂಟಿನ ಓವನ್ ಹಾಕಿಸೋಣ ಭಾವ ಅಂತ ತಮ್ಮ, ಭಟ್ಟಿ ಮುಟ್ಟಿ ನೋಡು, ಕೊಂದ್ಹಾಕ್ಬಿಡ್ತೀನಿ ಅಂತ ಇವನು. ಅಯ್ಯೋ, ಬೆಳಗಾದರೆ ಅವಳೂ ಮಕ್ಕಳಿಗೆ ಅನ್ನುವ ಮಾತೇ ಅದು, ಹಾಗಾದರೆ ಊರಿನ ತಾಯಂದಿರನ್ನೆಲ್ಲ ಒಳಗೆ ಹಾಕಿ. ಆದರೆ ಎಲ್ಲಕ್ಕಿಂತ ಗಟ್ಟಿ ಕೊಂಡಿ ಬ್ರೆಡ್ಡು. ಉಗ್ರಾಣದಲ್ಲಿ ಮೈದುನ ತಲೆಯೊಡೆದು ಬಿದ್ದಿದಾನೆ, ಇವನು ನೋಡಿದಾನೆ, ಕೂಗ್ಲಿಲ್ಲ, ಮೊದ್ಲು ಭಟ್ಟಿಯಿಂದ ಬ್ರೆಡ್ ತೆಗ್ದ, ಅಲ್ವೇನ್ರಿ, ಎಂದು ನ್ಯಾಯಾಧೀಶರು ಇವಳ ಕಡೆಯ ವಕೀಲೆಯನ್ನು ಕೇಳುತ್ತಿದ್ದಾರೆ. ಆಘಾತ, ಮಹಾಸ್ವಾಮಿ. ಆಘಾತ ಆದೋರು ಬ್ರೆಡ್ಡನ್ನ ಸಾಲಾಗಿ ಜೋಡಿಸ್ತಾರಾ?

ಜೋಡಿಸುತ್ತಾರೆ. ಹಿರಿಮಗಳು ಹುಟ್ಟಿದ ಸುದ್ದಿ ಹೋದಾಗಲೂ ಭಟ್ಟಿಯಲ್ಲಿದ್ದದ್ದನ್ನೆಲ್ಲ ಇಳಿಸಿ, ಒಂದೊಂದನ್ನೂ ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ, ಬೆಂದಿದೆ ಅಂತ ಖಾತ್ರಿಯಾದ ಮೇಲೇ ಆಸ್ಪತ್ರೆಗೆ ಬಂದವನು ಅವನು, ಎಲ್ಲರೂ ನಕ್ಕಿದ್ದರು, ಅಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕವಳು. ಕೈ ಮೊದಲು, ಮನಸ್ಸು ಆಮೇಲೆ, ಭಟ್ಟಿಯ ಮುಂದೆ ಬೆಳೆದವರಿಗೆ ಅಷ್ಟೇ ಗೊತ್ತು. ಜೈಲಿನ ಜಾಲರಿಯ ಆಚೆ ನಿಂತು ಅವನೇ ಹೇಳಿದ್ದ: ನೋಡ್ದೆ ಕಣೇ, ಮುಟ್ಟಿದೆ, ತಣ್ಣಗಿದ್ದ, ಬ್ರೆಡ್ಡು ಸೀಯ್ತಿತ್ತು, ಇಳಿಸ್ದೆ, ಆಮೇಲೆ ಕೂಗ್ದೆ. ಪೊಲೀಸರಿಗೂ ಅದನ್ನೇ ಹೇಳಿದ್ದ, ಸುಳ್ಳಾದರೂ ಹೇಳಬಾರದಿತ್ತೇ ಮಹಾರಾಯ. ಅಷ್ಟು ಹೇಳಿದವನನ್ನು ಅವಳು ಇನ್ನೊಂದು ಕೇಳಬೇಕಿತ್ತು, ನೀವು ಕೊಂದ್ರಾ ಅಂತ, ನಾಲಿಗೆ ತುದಿಗೆ ಬಂದದ್ದನ್ನು ಪ್ರತಿಸಲವೂ ನುಂಗಿಕೊಂಡು ಮನೆಗೆ ಬಂದಿದ್ದಾಳೆ. ಕೊಂದವನಿಗಾಗಿಯೇ ಇಷ್ಟೆಲ್ಲ ಕೋರ್ಟು ಅಲೆಯುತ್ತಿದ್ದರೆ ತಾನು ತಮ್ಮನನ್ನು ಎರಡನೇ ಸಲ ಸಾಯಿಸಿದಂತಲ್ಲವೇ, ಈ ಭಯ ಯಾರ ಮುಂದೆಯೂ ಹೇಳುವಂಥದ್ದಲ್ಲ. ವಕೀಲೆ ಹಿಂದೆ ತಿರುಗಿ ಒಂದು ಫೋಟೊ ಚಾಚುತ್ತಿದ್ದಾಳೆ, ಪೊಲೀಸರು ಅವತ್ತೇ ತೆಗೆದದ್ದು, ಇದ್ರಲ್ಲಿ ಆ ಹಿಂದಿನ ಬಾಗಿಲು ಕಾಣುತ್ತಾ ನೋಡಿ ಬೇಗ.

ಬಾಗಿಲು ಕಾಣುವುದಿಲ್ಲ. ಮೇಜು ಕಾಣುತ್ತದೆ, ಅದರ ಮೇಲೆ ಬ್ರೆಡ್ಡಿನ ಸಾಲು, ಎಲ್ಲ ಮಗುಚಿದ್ದು, ಎಲ್ಲ ತಟ್ಟಿ ನೋಡಿದ್ದು, ಮತ್ತೆ ಮೇಜಿನಿಂದ ದೂರ, ಕಿಟಕಿಯ ಕಟ್ಟೆಯ ಮೇಲೆ, ಮಡಿಸಿದ ಬಟ್ಟೆಯಲ್ಲಿ ಇನ್ನೊಂದು, ಮೂಲೆ ಕಪ್ಪಗೆ ಸೀದದ್ದು. ಸೀದಿದ್ದು ನಂದು ಅಂತ ತಮ್ಮ ಚಿಕ್ಕಂದಿನಿಂದ ಹಟ ಹಿಡಿಯುತ್ತಿದ್ದ, ಭಾವ ಆ ಹಟವನ್ನು ನಡೆಸಿಕೊಟ್ಟಿದ್ದ, ಎಲ್ಲವನ್ನೂ ತಟ್ಟಿ ಮುಗಿದ ಮೇಲೆ ಹೆಚ್ಚು ಸೀದದ್ದನ್ನು ಆರಿಸಿ ಕಟ್ಟೆಗೆ ಎತ್ತಿಡುತ್ತಿದ್ದ, ಅದು ಯಾವತ್ತೂ ಕೊನೆಯ ಕೆಲಸ. ಕೊನೆಯ ಕೆಲಸ ಅಂದರೆ ನೋಡಿದ ಮೇಲೆ, ತಣ್ಣಗಿದ್ದ ಮೈ ಮುಟ್ಟಿದ ಮೇಲೆ. ಸತ್ತವನ ಪಾಲನ್ನು ಎತ್ತಿಟ್ಟು ಆಮೇಲೆ ಕೂಗಿದ್ದಾನೆ. ಕೊಂದಿಲ್ಲ, ಇವನು ಕೊಂದಿಲ್ಲ, ಇಷ್ಟು ವರ್ಷದಲ್ಲಿ ಮೊದಲ ಸಲ ಎದೆಯ ಮೇಲಿನ ಕಲ್ಲು ಸರಿದು ಅಳು ಒತ್ತರಿಸಿ ಬರುತ್ತಿದೆ, ಕೊಂದ ಕೈ ಹೀಗೆ ಬಟ್ಟೆ ಮಡಿಸಿ ಎತ್ತಿಡುವುದಿಲ್ಲ. ಏನ್ರಿ, ಏನಾದ್ರೂ ಕಂಡಿತಾ, ಎನ್ನುತ್ತಿದ್ದಾಳೆ ವಕೀಲೆ. ಹೇಳಿದರೆ ಆ ಕಡೆಯವರು ಎದ್ದು ನಿಲ್ಲುತ್ತಾರೆ, ಸತ್ತಿದ್ದು ಗೊತ್ತಿದ್ದೂ ಅವನಿಗೇ ಬ್ರೆಡ್ ಎತ್ತಿಟ್ಟನಂತೆ, ಎಂಥಾ ನಾಟಕ ನೋಡಿ ಮಹಾಸ್ವಾಮಿ, ಅಂತ ಇದನ್ನೂ ಸರಪಳಿಗೆ ಸೇರಿಸುತ್ತಾರೆ, ಹೇಳದಿದ್ದರೆ ಇದು ಅವಳೊಬ್ಬಳಲ್ಲೇ ಉಳಿಯುತ್ತದೆ, ಅವನು ಜೈಲಿನಲ್ಲೇ ಮುದುಕನಾಗುತ್ತಾನೆ — ಇದನ್ನು ನೋಡಿದ ಕೂಡಲೇ ತಿಳಿಯುವವಳು ಈ ಕೋಣೆಯಲ್ಲಿ ಇನ್ನೊಬ್ಬಳೇ, ಅಮ್ಮ, ಅಮ್ಮಾ, ಒಂದೇ ಸಲ ಈ ಕಡೆ ತಿರುಗು. ಅಮ್ಮ ತಿರುಗುವುದಿಲ್ಲ. ಬೇಗ ಹೇಳ್ರಿ, ಜಡ್ಜ್ ಕಾಯ್ತಿದಾರೆ. ಬಾಯಿ ತೆರೆದಿದ್ದಾಳೆ, ಕಣ್ಣು ಫೋಟೊದಲ್ಲೇ ಇದೆ, ಕಿಟಕಿಯ ಕಟ್ಟೆ, ಮಡಿಸಿದ ಬಟ್ಟೆ, ಮೂಲೆ ಸೀದ ಬ್ರೆಡ್ಡು, ಯಾರೂ ಮುರಿಯದ ಬ್ರೆಡ್ಡು.