ಗೋಡೆಗೂ ಯಂತ್ರಕ್ಕೂ ನಡುವೆ

ಫಿಟ್ಟರ್ ಮಂಡಿಯೂರಿ ಪ್ಯಾಕಿಂಗ್ ಕೋಣೆಯ ನೆಲದ ಮೇಲೆ ಸೀಮೆಸುಣ್ಣದ ಕೊನೆಯ ಗೆರೆ ಎಳೆದ. ಉದ್ದ ಹದಿನಾಲ್ಕು ಅಡಿ, ಅಗಲ ಐದು. ಯಜಮಾನಿ ಮನಸ್ಸು ಮಾಡಿದ್ದ ಯಂತ್ರ ಅಷ್ಟು ಜಾಗ ನುಂಗುತ್ತಿತ್ತು. ಮುಲಾಮಿನ ಡಬ್ಬಿಗೆ ಮುಚ್ಚಳ ಹಾಕುವ ಐವರು ಹೆಂಗಸರು ಮೇಜನ್ನು ಮೂಲೆಗೆ ಸರಿಸಿಕೊಂಡಿದ್ದರು; ಕೈ ಕೆಲಸದ ಮೇಲೆ, ಕಿವಿ ಇತ್ತ. ತುದಿಯಲ್ಲಿ ಕುಳಿತವಳು ಅವನ ತಂಗಿ.

“ಅಳತೆ ಕೊಟ್ಟು ಮಾಡಿಸಿದ ಹಾಗಿದೆ ಮೇಡಂ,” ಎಂದ ಯಂತ್ರ ಮಾರುವವನು. “ನಿಮಿಷಕ್ಕೆ ಅರವತ್ತು ಡಬ್ಬಿ.”

“ಹಿಂದೆ ಡಬ್ಬಿ ಸಿಕ್ಕಿಕೊಂಡರೆ ತೆಗೆಯೋದು ಹೇಗೆ?” ಫಿಟ್ಟರ್ ಕೇಳಿದ.

“ಸಿಕ್ಕಿಕೊಳ್ಳೋದೇ ಇಲ್ಲ. ಸಿಕ್ಕಿದರೂ ಹಿಂದುಗಡೆ ಬಾಗಿಲಿದೆ.”

“ಹಾಗಾದ್ರೆ ಒಂದ್ಸಲ ಹೋಗಿ ಬಗ್ಗಿ ತೋರಿಸಿ.”

ಗೆರೆಗೂ ಗೋಡೆಗೂ ನಡುವೆ ಗೇಣು ಜಾಗವಿತ್ತು. ದಢೂತಿ ಆಸಾಮಿ ಅಡ್ಡಡ್ಡ ನುಸುಳಿ ಬಗ್ಗಿದ. ತಲೆ ಗೋಡೆಗೆ ಬಡಿಯಿತು, ಹಿಂಭಾಗವಿಡೀ ಗೆರೆ ದಾಟಿ ಯಂತ್ರದ ಜಾಗದೊಳಗೆ ಕೂತಿತು. ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ಫಿಟ್ಟರ್ ನಗಲಿಲ್ಲ. ಹಿಂದೆ ಕೆಲಸಕ್ಕಿದ್ದ ಕಡೆ ಇಂಥದೇ ಸಂದಿನಲ್ಲಿ ಸಿಕ್ಕ ತೋಳೊಂದನ್ನು ಬಿಡಿಸಲು ಅವನೇ ಬೋಲ್ಟು ಬಿಚ್ಚಿದ್ದ.

“ಚಿಕ್ಕದು ತರೋಣ ಮೇಡಂ. ನಿಮಿಷಕ್ಕೆ ಮೂವತ್ತೇ. ಆದರೆ ಸುತ್ತ ಮನುಷ್ಯರು ಓಡಾಡಬಹುದು.”

ಯಜಮಾನಿ ಗೋಡೆಯ ಬಳಿ ಹೋಗಿ ಸಂದಿಗೆ ತನ್ನ ಗೇಣು ಹಿಡಿದು ನೋಡಿದಳು. “ಸರಿ, ಚಿಕ್ಕದೇ ಬರಲಿ. ಅದಕ್ಕೆ ಎಷ್ಟು ಜನ ಬೇಕು?”

ಕೋಣೆಯಲ್ಲಿ ಮುಚ್ಚಳಗಳ ಸದ್ದು ನಿಂತಿತು.

“ಯಂತ್ರಕ್ಕೆ ಇಬ್ಬರು. ಡಬ್ಬಿ ನೋಡಿ ಬಿಡೋಕೆ ಒಬ್ಬರು, ಪೆಟ್ಟಿಗೆ ಕಟ್ಟೋಕೆ ಒಬ್ಬರು.”

“ಐದನೆಯವರು?”

“ಕಡಾಯಿ ಕೋಣೆಯಲ್ಲಿ ಒಬ್ಬರು ಬಿಟ್ಟುಹೋಗಿ ತಿಂಗಳಾಯ್ತಲ್ಲ.”

“ಆ ಕಾದ ಮೇಣದ ಸೆಕೆಯಲ್ಲಿ ನಿಲ್ಲೋರು ಯಾರಪ್ಪ?”

ಯಾರೂ ತಲೆ ಎತ್ತಲಿಲ್ಲ. ಫಿಟ್ಟರ್ ಮೇಜಿನ ತುದಿಯತ್ತ ಕೈ ತೋರಿದ. “ನನ್ನ ತಂಗಿ ನಿಲ್ತಾಳೆ.”

ಸಂಜೆ ಬಸ್‌ಸ್ಟಾಪಿನವರೆಗೂ ತಂಗಿ ಅವನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅಲ್ಲಿ ನಿಂತು ಕೇಳಿದಳು: “ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಣ್ಣ?”

“ಬೇರೆ ಯಾರ ಹೆಸರು ಹೇಳಲಿ, ನೀನೇ ಹೇಳು.”

“ಹೇಳಬೇಡ ಅನ್ನಲಿಲ್ಲ. ಕೇಳಬಾರದಿತ್ತಾ ಅಂದೆ.”

ಆಮೇಲೆ ಹದಿನೈದು ದಿನ ಅವಳು ಅವನೊಂದಿಗೆ ಮಾತು ಬಿಟ್ಟಳು.

ಚಿಕ್ಕ ಯಂತ್ರ ಒಂದು ಸೋಮವಾರ ಬಂತು. ಅದನ್ನು ಕೂರಿಸಿ, ನಾಲ್ವರಿಗೂ ನಿಲ್ಲಿಸುವ ಗುಂಡಿ ತೋರಿಸಿಕೊಟ್ಟು, ಫಿಟ್ಟರ್ ಕೈ ಒರೆಸಿಕೊಳ್ಳುತ್ತ ಕಡಾಯಿ ಕೋಣೆಯ ಬಾಗಿಲಿಗೆ ಬಂದ. ಒಳಗೆ ಮೇಣ ಕರಗುತ್ತಿತ್ತು. ತಂಗಿ ಗಂಡಸರ ಅಳತೆಯ ದಪ್ಪ ಕೈಗವಸು ತೊಟ್ಟಿದ್ದಳು. ಅದು ಮೊಣಕೈ ದಾಟಿತ್ತು. ಅವನತ್ತ ಒಮ್ಮೆ ನೋಡಿ, ಅದರ ಅಂಚನ್ನು ಒಂದು ಮಡಿಕೆ ಮಡಿಸಿದಳು. ಇನ್ನೊಂದು ಮಡಿಕೆ ಮಡಿಸಿದಳು. ಆಮೇಲೆ ಸೌಟು ಎತ್ತಿಕೊಂಡಳು.