ಮಣಿಕಟ್ಟು ಹಿಡಿಯುವ ಅಪ್ಪಣೆ

ಏಕನಾಥ ಗುಟ್ಟು ಹೇಳಿದರೂ ಮೂರು ಮಹಡಿಗೆ ಕೇಳಿಸುತ್ತದೆ. ದೆಹಲಿಯ ಮಯೂರ್ ವಿಹಾರ್‌ನ ನಮ್ಮ ವಸತಿ ಸೊಸೈಟಿಯ ಗೇಟಿನಲ್ಲಿ ಅವನು "ಭಯ್ಯಾ, ಧನಿಯಾ?" ಎಂದರೆ ಸಾಕು, ತರಕಾರಿಯವನು ಬೈಸಿಕೊಂಡವನಂತೆ ಇನ್ನೊಂದು ಹಿಡಿ ಕೊತ್ತಂಬರಿ ತುರುಕುತ್ತಾನೆ. ಬಲಭುಜವನ್ನು ತುಸು ಮುಂದೆ ಚಾಚಿ, ಮೊಣಕೈ ಮಡಚಿಕೊಂಡೇ ನಡೆಯುವ ಈ ಎತ್ತರದ ಮನುಷ್ಯ ಮೂಳೆಯ ಶಸ್ತ್ರವೈದ್ಯ. ಕಿದ್ವಾಯಿ ನಗರದ ಕ್ವಾರ್ಟರ್ಸಿನಿಂದ ಶಾಲೆಗೆ ಬರುತ್ತಿದ್ದಾಗ ನನ್ನಲ್ಲಿ ಕನ್ನಡ ಕಲಿತವನು. ಆಗ ಅವನು ಪದ್ಯ ಒಪ್ಪಿಸಿದರೆ ನಾನೇ ಬೆಂಚಿನ ಬಳಿ ಹೋಗಿ ಕಿವಿಗೊಡಬೇಕಿತ್ತು.

ಹೊಸಬರು ಅವನನ್ನು ಸಿಡುಕನೆಂದುಕೊಳ್ಳುತ್ತಾರೆ. ಆ ದನಿಯನ್ನು ಎತ್ತರಿಸಿದ್ದು ಅವನ ಕೆಲಸ. ಶಸ್ತ್ರಚಿಕಿತ್ಸೆಯ ಕೊಠಡಿ ಪರೀಕ್ಷೆಯ ಕೊಠಡಿಯಷ್ಟೇ ನಿಶ್ಶಬ್ದವೆಂದು ನಾನು ನಂಬಿದ್ದೆ. "ಮೇಷ್ಟ್ರೇ, ಅದು ಬಡಗಿಯ ಅಂಗಡಿ," ಎಂದು ನಕ್ಕಿದ್ದ. ಮೂಳೆ ಕೊಯ್ಯುವ ಗರಗಸ, ಸುತ್ತಿಗೆ, ರಕ್ತ ಹೀರುವ ಯಂತ್ರ, ಯಾರದೋ ಫೋನು, ಇವೆಲ್ಲವನ್ನೂ ಮೀರಿಸುವಂತೆ ಅವನೇ ಹಾಕಿಸುತ್ತಿದ್ದ ಹಳೆಯ ಹಿಂದಿ ಹಾಡು.

ಹೋದ ವರ್ಷ ಒಬ್ಬರಿಗೆ ಸೊಂಟದ ಕೀಲು ಕೂರಿಸುವಾಗ, ರಕ್ತದೊತ್ತಡ ಕುಸಿಯುತ್ತಿದೆ, ನಿಲ್ಲಿಸಿ ಎಂದು ಅರಿವಳಿಕೆಯ ವೈದ್ಯ ರಜತ್ ಕೂಗಿದ್ದು ಇವನಿಗೆ ಕೇಳಿಸಲಿಲ್ಲ. ಸುತ್ತಿಗೆಯ ಪೆಟ್ಟುಗಳು ಬೀಳುತ್ತಲೇ ಇದ್ದವು. ರೋಗಿ ಉಳಿದರು. ತಪ್ಪನ್ನು ಗದ್ದಲದ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಏಕನಾಥ ತಾನೇ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡ. ವರ್ಷಗಟ್ಟಲೆಯ ಸದ್ದು ಅವನ ಶ್ರವಣವನ್ನು ತಿಂದಿತ್ತು.

ಅದನ್ನು ಎಲ್ಲರೆದುರು ಹೇಳಿ, ಹಾಡನ್ನೂ ಫೋನುಗಳನ್ನೂ ಹೊರಗಿಡಿಸಿ, ಶ್ರವಣಯಂತ್ರ ತೊಟ್ಟ. ಉಪಕರಣ ಕೈಗೆ ಕೊಡುವ ದಾದಿ ಇಂಚರಾ ನಮ್ಮ ಕಡೆಯ ಹುಡುಗಿ; ಗ್ಲೌಸು ತೊಟ್ಟು ಎದುರಿಗೆ ನಿಲ್ಲುವ ಅವಳಿಗೆ, "ರಜತ್ ನಿಲ್ಲಿಸಿ ಅಂದ ಮೇಲೂ ನಾನು ನಿಲ್ಲಿಸದಿದ್ದರೆ ನನ್ನ ಮಣಿಕಟ್ಟು ಹಿಡಿ," ಎಂದು ಅಪ್ಪಣೆ ಕೊಟ್ಟ.

ಕಲಿಯಲು ಬಂದ ಕಿರಿಯ ವೈದ್ಯರು ಸುತ್ತ ನಿಂತಿದ್ದ ಒಂದು ಬೆಳಿಗ್ಗೆ, ರಜತ್ "ರುಕಿಯೇ" ಎಂದು ನಿಲ್ಲಿಸಲು ಹೇಳಿದ; ಸುತ್ತಿಗೆ ಮತ್ತೆ ಮೇಲೆದ್ದಿತು; ಇಂಚರಾ ಏಕನಾಥನ ಮಣಿಕಟ್ಟು ಹಿಡಿದಳು. ನೋಡಿದರೆ, ಆಮ್ಲಜನಕ ಅಳೆಯಲು ರೋಗಿಯ ಬೆರಳಿಗೆ ಹಾಕಿದ್ದ ಕ್ಲಿಪ್ಪು ಜಾರಿತ್ತು, ಅಷ್ಟೆ. ಆಪತ್ತೇನೂ ಇರಲಿಲ್ಲ. ಯಾರೋ ಕಿಸಕ್ಕೆಂದರು.

"ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು ಮೇಷ್ಟ್ರೇ," ಎಂದಳು ಇಂಚರಾ ನನ್ನೊಡನೆ. "ಸರ್ ಸುತ್ತಿಗೆ ಕೆಳಗಿಟ್ರು. ನಕ್ಕವರ ಕಡೆ ನೋಡಿ, 'ಅಚ್ಛಾ, ನಾಳೆ ಹಿಡಿಯೋದು ನೀವು' ಅಂದ್ರು. ನನಗೆ, 'ಹೀಗೇ ಬಿಗಿಯಾಗಿ ಹಿಡೀಬೇಕು' ಅಂದ್ರು."

ಸರಿಯಾಗಿ ತಡೆದವರನ್ನು ಹೊಗಳುವ ಹಲವು ದೊಡ್ಡವರನ್ನು ನಾನು ಕಂಡಿದ್ದೇನೆ. ತಪ್ಪಾಗಿ ತಡೆದವರನ್ನೂ ಹಾಗೆಯೇ ಆದರಿಸುವವರು ವಿರಳ. ಅಂಥವರ ಸುತ್ತ ಕೆಲಸ ಮಾಡುವವರು ಅಂಜಿ ಸುಮ್ಮನಿರುವುದಿಲ್ಲ. ಪ್ರಜ್ಞೆಯಿಲ್ಲದೆ ಮಲಗಿರುವ ಜೀವಕ್ಕೆ ಅದಕ್ಕಿಂತ ದೊಡ್ಡ ಕಾವಲಿಲ್ಲ.