ಒಪ್ಪೊತ್ತಿನ ಮಗ್ಗ

ಬೋರಗಾಂವದ ಮಗ್ಗಗಳ ಸದ್ದಿಗೊಂದು ನಡಿಗೆಯಿದೆ. ಪುರಾಣ ಓದುವವರ ದನಿಯಂತೆ, ಒಂದು ಮಾತ್ರೆ ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ಅಂದು ಬೆಳಗ್ಗೆ ಎಂಟಕ್ಕೆ ಶ್ರೀಪಾಲನ ಶೆಡ್ಡಿನಲ್ಲಿ ಹಾಗೇ ತಪ್ಪಿತು. ತಿಂಗಳ ಹಿಂದೆ ತಂದ ಎಲೆಕ್ಟ್ರಾನಿಕ್ ಮಗ್ಗ ಗಕ್ಕನೆ ನಿಂತಿತ್ತು. ‘ನೂಲು ಹರಿದಿದೆ’ ಎನ್ನುತ್ತಿತ್ತು ಅದರ ಕಂಟ್ರೋಲರ್ ಪೆಟ್ಟಿಗೆ. ನೋಡಿದರೆ ನೂಲು ನೆಟ್ಟಗಿತ್ತು.

ನೀಲಮ ಸ್ಕೂಟಿ ಏರಿ ಬಂದಳು. ಚಿಕ್ಕೋಡಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಈ ಹುಡುಗಿಯನ್ನು ನಂಬಿ ಮೊದಲು ಮಗ್ಗ ರಿಪೇರಿಯ ಕೆಲಸ ಕೊಟ್ಟವನು ಶ್ರೀಪಾಲ. ಅವನು ಕೈಬಿಟ್ಟರೆ ಊರಿನ ಉಳಿದ ಶೆಡ್ಡುಗಳ ಬಾಗಿಲೂ ಮುಚ್ಚಿದಂತೆಯೇ. ಈ ಮಗ್ಗ ನಿಂತದ್ದು ಇದು ನಾಲ್ಕನೆಯ ಸಲ. ಅವಳು ಸೆನ್ಸರ್ ಬದಲಿಸಿದ್ದಳು, ಕಾರ್ಡು ಬದಲಿಸಿದ್ದಳು. ಪ್ರತಿ ಸಲವೂ ಮಧ್ಯಾಹ್ನಕ್ಕೆ ಮಗ್ಗ ತಾನಾಗಿ ಓಡುತ್ತಿತ್ತು. ಯಾಕೆ ಓಡಿತೆಂದು ಅವಳಿಗೂ ತಿಳಿಯುತ್ತಿರಲಿಲ್ಲ.

ಶ್ರೀಪಾಲ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

“ತಂಗಿ, ಇವತ್ತ ಕಾರಣಾ ಸಿಗಲಿಲ್ಲಂದ್ರ ನಾಳೆ ಇಚಲಕರಂಜಿ ಮಿಸ್ತ್ರಿನ್ನ ಕರಸ್ತೇನಿ. ಬ್ಯಾಸರಾ ಮಾಡ್ಕೋಬ್ಯಾಡ.”

ನೀಲಮ ಈ ಸಲ ಏನನ್ನೂ ಬದಲಿಸಲಿಲ್ಲ. ಪೆಟ್ಟಿಗೆ ತೆರೆದು, ಸೆನ್ಸರಿನ ವೈರು ಹಿಡಿದು ಬೆರಳಿನಿಂದ ಸವರುತ್ತ ಹೋಗಿ, ಅದರ ಕನೆಕ್ಟರ್ ಬಿಚ್ಚಿ ಮೂಗಿಗೆ ಹಿಡಿದಳು. ಕೆಟ್ಟ ವೈರಿಂಗು ಸುಟ್ಟ ವಾಸನೆ ಹೊಡೆಯಬೇಕು. ಇದು ಶ್ರೀಗಂಧದಂತೆ ಘಮಘಮಿಸುತ್ತಿತ್ತು.

ಎರಡು ಪಿನ್ನುಗಳ ನಡುವೆ ಅಂಟಂಟಾದ ಹಳದಿ ಪೊರೆ. ಹಸಿಯಿದ್ದಾಗ ಅದರೊಳಗೇ ಕರೆಂಟು ಹರಿದು ಸುಳ್ಳು ಸುದ್ದಿ ಕೊಡುತ್ತದೆ, ಪೆಟ್ಟಿಗೆ ಬಿಸಿಯೇರಿ ಒಣಗಿದರೆ ಬಾಯಿ ಮುಚ್ಚುತ್ತದೆ. ಮೇಲೆ ವೈರು ಇಳಿಯುವ ತೂತಿನ ರಬ್ಬರು ಬಿದ್ದುಹೋಗಿತ್ತು. ಅದರ ಸುತ್ತ ಇನ್ನೂ ಒದ್ದೆ.

ನೀಲಮ ಮಗ್ಗ ನಿಂತ ತಾರೀಖುಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದಳು. ಗೋಡೆಯ ಕ್ಯಾಲೆಂಡರಿನೊಡನೆ ಹೋಲಿಸಿದಳು: ಅಷ್ಟಮಿ, ಚತುರ್ದಶಿ, ಅಷ್ಟಮಿ; ಇಂದು ಮತ್ತೆ ಚತುರ್ದಶಿ.

ಬಾಗಿಲ ಬಳಿ ಶ್ರೀಪಾಲನ ತಾಯಿ ತಾರಾಬಾಯಿ ಜಪಮಾಲೆ ಹಿಡಿದು, ಪಕ್ಕದಲ್ಲಿ ಬೆಳ್ಳಿ ಬಟ್ಟಲಿಟ್ಟುಕೊಂಡು ಕೂತಿದ್ದರು. ಆ ತಿಥಿಗಳಂದು ಬಸದಿಯಲ್ಲಿ ಹಾಲು, ಕಬ್ಬಿನ ರಸ, ಗಂಧದ ಅಭಿಷೇಕ. ಅಭಿಷೇಕ ಮಾಡಿದ ನೀರನ್ನು, ಅಂದರೆ ಗಂಧೋದಕವನ್ನು, ಅವರು ಆ ಬಟ್ಟಲಲ್ಲಿ ತಂದು ಮನೆಯವರ ತಲೆಗೆ, ಕಣ್ಣಿಗೆ ಹಚ್ಚುವರು. ಮಗ್ಗವೂ ಮನೆಯದೇ ಅಲ್ಲವೇ? ಪೆಟ್ಟಿಗೆಯ ಮೇಲೂ ನಾಲ್ಕು ಹನಿ ಬೀಳುತ್ತಿತ್ತು. ಕೆಟ್ಟಿತೆಂದು ಕೇಳಿದ ಮೇಲೆ ಎಂಟು.

ಸುಮ್ಮನೆ ರಬ್ಬರು ಹಾಕಿ ಮುಚ್ಚಿಬಿಡಲೇ ಎಂದುಕೊಂಡಳು ನೀಲಮ. ಆದರೆ ಶ್ರೀಪಾಲ ಕೇಳಿದ್ದು ಕಾರಣ. ಆ ಹಿರಿಯ ಜೀವದ ಮುಂದೆ ಅದನ್ನು ಹೇಳುವುದು ಹೇಗೆ? ಕನೆಕ್ಟರನ್ನು ಅಂಗೈಮೇಲಿಟ್ಟುಕೊಂಡು ಹೋಗಿ ಕುಕ್ಕರಗಾಲಲ್ಲಿ ಕೂತಳು.

“ಆಯಿ, ಇದನ್ನ ಒಂಚೂರು ಮೂಸಿ ನೋಡ್ರಿ.”

ತಾರಾಬಾಯಿ ಮೂಸಿದರು. ರೂಢಿಯ ಕೈ, ಅದನ್ನು ಕಣ್ಣಿಗೂ ಒತ್ತಿಕೊಂಡಿತು. ಆಮೇಲೆ ಪೆಟ್ಟಿಗೆಯನ್ನು ನೋಡಿದರು, ಬಟ್ಟಲನ್ನು ನೋಡಿದರು. ಜಪಮಾಲೆ ನಿಂತಿತು.

“ನಾ ಈ ದಿನಾ ಒಪ್ಪೊತ್ತಿನಾಕಿ, ಮಧ್ಯಾಹ್ನಕ್ಕೊಮ್ಮೆ ಉಣ್ಣೂದು,” ಎಂದರು ತಾರಾಬಾಯಿ ಮೆಲ್ಲಗೆ. “ಅದೂ ಮಧ್ಯಾಹ್ನಕ್ಕ ಏಳತಿತ್ತಂತ. ಶ್ರೀಪಾಲಾ, ನಿನ್ನ ಮಗ್ಗಕ್ಕ ನಾನಽ ಉಪಾಸಾ ಹಿಡಿಸೇನೋ.”

ಮೊದಲು ನಕ್ಕವರು ಅವರೇ. ಶ್ರೀಪಾಲ ಕಂಬ ಹಿಡಿದು ನಕ್ಕ. ನೀಲಮ ನಗುನಗುತ್ತಲೇ ಪಿನ್ನುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ತೂತಿಗೆ ರಬ್ಬರು ಕೂಡಿಸಿದಳು. ಹತ್ತು ಗಂಟೆಯಾಗುವ ಮೊದಲೇ ಮಗ್ಗ ದನಿಗೂಡಿಸಿತು.

ಸದಲಗಾದ ತನ್ನ ಮಾವನ ಶೆಡ್ಡಿನಲ್ಲೂ ಇಂಥವೆರಡು ಹಟಮಾರಿಗಳಿವೆ, ನಾಳೆಯೇ ಹೋಗಿ ಬಾ ಎಂದ ಶ್ರೀಪಾಲ. ಇಚಲಕರಂಜಿಯ ಮಾತು ಮತ್ತೆ ಬರಲಿಲ್ಲ.

ನೀಲಮ ಬ್ಯಾಗು ಎತ್ತಿಕೊಳ್ಳುವಾಗ ತಾರಾಬಾಯಿ ತಡೆದರು. ಬಟ್ಟಲ ತಳದಲ್ಲಿ ಇನ್ನೂ ಮೂರ್ನಾಲ್ಕು ಹನಿ ಇತ್ತು.

“ಬಗ್ಗ ಪೋರಿ. ಮಗ್ಗಕ್ಕ ಬ್ಯಾಡ ಇನ್ನ. ಅದನ್ನ ನಡಸಾಕಿ ತಲಿಗೆ ಹಚ್ಚತೇನಿ.”

ನೀಲಮ ಬಗ್ಗಿದಳು. ಸದಲಗಾದ ದಾರಿಯನ್ನು ಮನಸ್ಸಿನಲ್ಲೇ ಅಳೆಯುತ್ತಿದ್ದ ಅವಳ ನೆತ್ತಿಗೆ, ಎರಡೂ ರೆಪ್ಪೆಗಳಿಗೆ ತಣ್ಣಗೆ ಗಂಧ ತಾಗಿತು.